ಗಡಿ ದಾಟದ ಸಿಲಿಂಡರು

ಪ್ರವಾಸವೆಂದರೆ ರೈಲು, ಹೋಟೆಲು, ಗಂಟುಮೂಟೆ ಎಂದು ತಿಳಿದ ನಮಗೆ, ಮನೆಯನ್ನೇ ಜೊತೆಗೆ ಕೊಂಡೊಯ್ಯುವ ಪ್ರವಾಸ ಹೊಸದು. ಯುರೋಪಿನಲ್ಲಿ ಅದು ತೀರ ಸಾಮಾನ್ಯ. ದೊಡ್ಡ ವ್ಯಾನಿನಷ್ಟಿರುವ ಒಂದು ವಾಹನ. ಅದರೊಳಗೆ ಮಂಚ, ಮೇಜು, ಅಡುಗೆಯ ಕಟ್ಟೆ, ಸ್ನಾನಕ್ಕೊಂದು ಮೂಲೆ. ಇದನ್ನು ಮೋಟಾರ್ ಹೋಮ್ ಎನ್ನುತ್ತಾರೆ. ಜರ್ಮನಿಯಲ್ಲೋ ಹಾಲೆಂಡಿನಲ್ಲೋ ಕೆಲಸಕ್ಕಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ಕಡೆಯ ಹಿರಿಯರು, ಅವರೊಡನೆ ಇಂಥ ಗಾಡಿಯನ್ನು ಬಾಡಿಗೆಗೆ ಹಿಡಿದು ಎರಡು ಮೂರು ವಾರ ಸುತ್ತಿ ಬರುವುದು ಈಗ ಉಂಟು. ಆಲ್ಪ್ಸ್ ಪರ್ವತದ ತಪ್ಪಲಲ್ಲಿ ಗಾಡಿ ನಿಲ್ಲಿಸಿ, ಬಿಸಿ ಅನ್ನ ಸಾರು ಮಾಡಿಕೊಂಡು ಉಣ್ಣುವುದು ಯಾರಿಗೆ ಬೇಡ?

ಆದರೆ ಸಾರು ಕುದಿಯಬೇಕಾದರೆ ಗ್ಯಾಸು ಬೇಕು. ಒಲೆಯೊಂದೇ ಅಲ್ಲ; ಇಂಥ ಗಾಡಿಯಲ್ಲಿ ಸ್ನಾನದ ನೀರು ಕಾಯುವುದು, ಚಳಿಯಲ್ಲಿ ಒಳಗೆ ಬೆಚ್ಚಗಿರುವುದು, ಅನೇಕ ಗಾಡಿಗಳಲ್ಲಿ ಫ್ರಿಜ್ಜು ತಣ್ಣಗಿರುವುದು ಕೂಡ ಗ್ಯಾಸಿನಿಂದಲೇ. ಪೆಟ್ರೋಲು, ಡೀಸೆಲು, ನೀರು, ರೊಟ್ಟಿ ಇವೆಲ್ಲ ಯಾವ ಊರಿನಲ್ಲೂ ದೊರೆಯುತ್ತವೆ. ಗ್ಯಾಸಿನ ಮಾತು ಹಾಗಲ್ಲ.

1995ರಲ್ಲಿ ಷೆಂಗೆನ್ ಒಪ್ಪಂದ ಜಾರಿಗೆ ಬಂದಿತು; ಅದಕ್ಕೆ ಸೇರಿದ ದೇಶಗಳ ನಡುವೆ ಗಡಿಯ ಕಾಯಂ ತಪಾಸಣೆ ತಪ್ಪಿತು. 2002ರಲ್ಲಿ ಯೂರೋ ನೋಟು, ನಾಣ್ಯಗಳು ಚಲಾವಣೆಗೆ ಬಂದವು. ಹಲವು ದೇಶಗಳಿಗೆ ಹಣವೂ ಒಂದಾಯಿತು. ಒಂದಾಗದೆ ಉಳಿದದ್ದು ಗ್ಯಾಸ್ ಸಿಲಿಂಡರು. ನಮ್ಮಲ್ಲಿ ಮನೆಬಳಕೆಯ 14.2 ಕಿಲೋ ಸಿಲಿಂಡರು ಬೀದರಿನಲ್ಲೂ ಒಂದೇ, ಚಾಮರಾಜನಗರದಲ್ಲೂ ಒಂದೇ. ರೆಗ್ಯುಲೇಟರು ಕೂರುವ ಬಾಯಿಯೂ ಒಂದೇ. ಯುರೋಪಿನಲ್ಲಿ ದೇಶಕ್ಕೊಂದು ಸಿಲಿಂಡರು, ಸಿಲಿಂಡರಿಗೊಂದು ಬಾಯಿ. ಜರ್ಮನಿಯಲ್ಲಿ ಕೊಂಡ ಸಿಲಿಂಡರನ್ನು ಫ್ರಾನ್ಸಿನ ಅಂಗಡಿಯವನು ತೆಗೆದುಕೊಳ್ಳುವುದಿಲ್ಲ. ಅವನು ಕೊಡುವ ಸಿಲಿಂಡರಿಗೆ ನಿಮ್ಮ ಗಾಡಿಯ ಕೊಳವೆ ಕೂಡುವುದಿಲ್ಲ. ಈ ಒಂದು ಸಂಗತಿಯನ್ನು ಹೊರಡುವ ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೊದಲು ಸಿಲಿಂಡರಿನ ಒಳಗೇನಿದೆ ನೋಡೋಣ. ನಮ್ಮ ಅಡುಗೆಮನೆಯ ಗ್ಯಾಸು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಬೆರಕೆ. ಯುರೋಪಿನ ಹಲವು ಕಡೆ ಇವೆರಡನ್ನೂ ಬೇರೆ ಬೇರೆ ಸಿಲಿಂಡರುಗಳಲ್ಲಿ ಮಾರುತ್ತಾರೆ. ಒತ್ತಡದಲ್ಲಿ ಇವು ದ್ರವವಾಗಿರುತ್ತವೆ. ಒಲೆಗೆ ಬರುವುದು ಆ ದ್ರವದಿಂದ ಎದ್ದ ಆವಿ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬ್ಯುಟೇನ್ ಕುದಿಯುವುದು ಹೆಚ್ಚು ಕಡಿಮೆ ಸೊನ್ನೆಯ ಹತ್ತಿರ. ಆದ್ದರಿಂದ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬ್ಯುಟೇನ್ ಸಿಲಿಂಡರಿನಲ್ಲಿ ತುಂಬಿದ್ದರೂ ಆವಿಯಾಗಿ ಮೇಲೇಳುವುದಿಲ್ಲ. ಧನುರ್ಮಾಸದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಶೀಶೆಯಲ್ಲಿದ್ದೂ ಕೈಗೆ ಬಾರದಲ್ಲ, ಹಾಗೆ. ಬೇಸಿಗೆಯಲ್ಲಿ ಸ್ಪೇನಿನ ಕಡಲ ತೀರಕ್ಕೆ ಹೋಗುವವರಿಗೆ ಬ್ಯುಟೇನ್ ಸಾಕು. ಬೆಟ್ಟಕ್ಕೆ, ಉತ್ತರ ದೇಶಗಳಿಗೆ, ಚಳಿಗಾಲಕ್ಕೆ ಪ್ರೊಪೇನೇ ಬೇಕು. ಎರಡೂ ದೊರೆಯುವಲ್ಲಿ ಕಣ್ಣು ಮುಚ್ಚಿ ಪ್ರೊಪೇನ್ ಕೊಳ್ಳಿರಿ. ಅದು ಎಲ್ಲ ಹವೆಗೂ ಆದೀತು.

ಎಷ್ಟು ಬೇಕು? ಇದಕ್ಕೆ ಒಂದು ಲೆಕ್ಕವಿದೆ. ಒಂದು ಕಿಲೋ ಗ್ಯಾಸು ಉರಿದರೆ ಸುಮಾರು 12.8 ಕಿಲೋವಾಟ್-ಗಂಟೆಯಷ್ಟು ಶಾಖ. ಎರಡು ಕಿಲೋವಾಟಿನ ಒಲೆ ಪೂರ್ತಿ ಉರಿಯಲ್ಲಿ ಒಂದು ಗಂಟೆಗೆ ಸುಮಾರು 150 ಗ್ರಾಂ ಸುಡುತ್ತದೆ. ಬೇಸಿಗೆಯ ದಿನದಲ್ಲಿ ಅಡುಗೆಗೆ 200 ಗ್ರಾಂ, ಫ್ರಿಜ್ಜಿಗೆ 300 ಗ್ರಾಂ, ಬಿಸಿನೀರಿಗೆ ನೂರೈವತ್ತು ಎಂದು ಹಿಡಿದರೆ ದಿನಕ್ಕೆ 650 ಗ್ರಾಂ. 11 ಕಿಲೋ ಸಿಲಿಂಡರು ಎರಡು ವಾರಕ್ಕೂ ಮಿಕ್ಕಿ ಬರುತ್ತದೆ. ಕುಕ್ಕರು ಇಟ್ಟುಕೊಂಡವರಿಗೆ ಇನ್ನೂ ಎರಡು ದಿನ ಹೆಚ್ಚು.

ಚಳಿ ಬಿದ್ದರೆ ಈ ಲೆಕ್ಕ ಬುಡಮೇಲಾಗುತ್ತದೆ. ನಾಲ್ಕು ಕಿಲೋವಾಟಿನ ಹೀಟರು ಪೂರ್ತಿ ಉರಿಯಲ್ಲಿ ಗಂಟೆಗೆ 300 ಗ್ರಾಮಿಗೂ ಹೆಚ್ಚು ನುಂಗುತ್ತದೆ. ಅರ್ಧ ಉರಿಯಲ್ಲಿಟ್ಟರೂ ಹತ್ತು ಗಂಟೆಯ ಒಂದು ರಾತ್ರಿಗೆ ಒಂದೂವರೆ ಕಿಲೋ ಹೋಯಿತು. ಹಗಲಿನದೂ ಸೇರಿದರೆ 11 ಕಿಲೋ ನಾಲ್ಕೈದು ದಿನದ ಮಾತು. ಇನ್ನೊಂದು ಸಂಗತಿ: ಹೀಟರು ಹೆಚ್ಚು ದುಡಿಯುವುದು ರಾತ್ರಿ. ಆದ್ದರಿಂದ ಗ್ಯಾಸು ತೀರುವುದೂ ಬಹುಮಟ್ಟಿಗೆ ರಾತ್ರಿಯೇ, ಅಂಗಡಿಗಳು ಮುಚ್ಚಿದ ಮೇಲೆ. ಜರ್ಮನಿಯಲ್ಲಂತೂ ಭಾನುವಾರ ಅಂಗಡಿಗಳಿಗೆ ರಜೆ. ಶನಿವಾರ ರಾತ್ರಿ ಬೆಟ್ಟದ ಮೇಲೆ ಗ್ಯಾಸು ತೀರಿತೆಂದರೆ, ಮಕ್ಕಳು ಮುದುಕರಿರುವ ಗಾಡಿಗೆ ಅದು ಬರಿಯ ತೊಂದರೆಯಲ್ಲ, ಅಪಾಯ.

ಈ ಕಾರಣದಿಂದ ಮೊದಲ ನಿಯಮ: ಒಂದೇ ಸಿಲಿಂಡರನ್ನು ನೆಚ್ಚಿ ಹೊರಡಬಾರದು. ನಮ್ಮ ಮನೆಗಳಲ್ಲಿ ಎರಡನೆಯ ಸಿಲಿಂಡರು ಏಕೆ ಇಟ್ಟುಕೊಳ್ಳುತ್ತೇವೋ ಅದೇ ಕಾರಣ ಇಲ್ಲಿಯೂ. ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಸಿಲಿಂಡರಿಗೆ ಜಾಗವಿರುತ್ತದೆ. ಒಂದು ಮುಗಿದೊಡನೆ ತಾನಾಗಿಯೇ ಇನ್ನೊಂದಕ್ಕೆ ಹೊರಳುವ ಉಪಕರಣವೂ ಉಂಟು. ಅದು ಇದ್ದರೆ ನಿದ್ದೆ ಕೆಡುವುದಿಲ್ಲ. ಆದರೆ ಯಾವುದು ಖಾಲಿಯಾಯಿತೆಂದು ದಿನವೂ ನೋಡದಿದ್ದರೆ ಎರಡೂ ಒಟ್ಟಿಗೆ ಕೈಕೊಟ್ಟಾವು.

ಉಳಿದಿರುವುದೆಷ್ಟು ಎಂದು ತಿಳಿಯುವುದು ಹೇಗೆ? ಒತ್ತಡದ ಮುಳ್ಳನ್ನು ನಂಬಬೇಡಿರಿ. ಪಾತ್ರೆಯ ತುಂಬ ನೀರಿದ್ದರೂ ತಳದಲ್ಲಿ ನಾಲ್ಕು ಬೆರಳಿದ್ದರೂ ಕುದಿಯುವ ಶಾಖ ಒಂದೇ ಅಲ್ಲವೇ? ಹಾಗೆಯೇ ಸಿಲಿಂಡರಿನಲ್ಲಿ ಕೊನೆಯ ಸೌಟು ದ್ರವ ಉಳಿದಿರುವವರೆಗೂ ಒತ್ತಡ ಬದಲಾಗುವುದಿಲ್ಲ. ಅದು ಹವೆಯನ್ನು ಹೇಳುತ್ತದೆಯೇ ಹೊರತು ಮೊತ್ತವನ್ನಲ್ಲ. ನಂಬತಕ್ಕದ್ದು ತೂಕ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ. ಸಣ್ಣ ತೂಗುಕೊಕ್ಕೆಯಲ್ಲಿ ತೂಗಿ, ಅದನ್ನು ಕಳೆದರೆ ಉಳಿದದ್ದು ಗ್ಯಾಸು. ತಕ್ಕಡಿ ಇಲ್ಲದಿದ್ದರೆ ಸಿಲಿಂಡರಿನ ಪಕ್ಕಕ್ಕೆ ಒಂದು ತಂಬಿಗೆ ಬಿಸಿನೀರು ಸುರಿದು ಕೈಯಿಟ್ಟು ನೋಡಬಹುದು: ದ್ರವವಿರುವ ಎತ್ತರದವರೆಗೆ ಬೇಗ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚಗೇ ಇರುತ್ತದೆ.

ಇನ್ನು ದೇಶಗಳ ವಿಚಾರ. ಜರ್ಮನಿಯಲ್ಲಿ ಬಳಕೆಯಲ್ಲಿರುವುದು 5 ಮತ್ತು 11 ಕಿಲೋ ಪ್ರೊಪೇನ್ ಸಿಲಿಂಡರು. ಬೂದು ಬಣ್ಣದ್ದು ಕೊಂಡವರ ಸ್ವಂತದ್ದು. ಖಾಲಿ ಕೊಟ್ಟು ತುಂಬಿದ್ದನ್ನು ಪಡೆಯಬಹುದು. ಕೆಂಪು ಬಣ್ಣದ್ದು ಠೇವಣಿಯದು. ಮನೆಕಟ್ಟುವ ಸಾಮಾನಿನ ಅಂಗಡಿ, ಪೆಟ್ರೋಲ್ ಬಂಕು, ಕ್ಯಾಂಪಿನ ಮೈದಾನ ಇಲ್ಲೆಲ್ಲ ದೊರೆಯುತ್ತದೆ. ಫ್ರಾನ್ಸಿನಲ್ಲಿ 13 ಕಿಲೋ ಸಿಲಿಂಡರನ್ನು ಠೇವಣಿಯ ಮೇಲೆ ಕೊಡುತ್ತಾರೆ; ರಸೀದಿಯನ್ನು ಜೋಪಾನ ಮಾಡದಿದ್ದರೆ ಠೇವಣಿ ಮರಳುವುದು ಕಷ್ಟ. ಸ್ಪೇನಿನದು 12.5 ಕಿಲೋ ಬ್ಯುಟೇನ್ ತುಂಬಿದ ಕಿತ್ತಳೆ ಬಣ್ಣದ ಸಿಲಿಂಡರು. ಅದನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತುವ ಆಳು ನಮ್ಮ ಬೀದಿಯ ಗ್ಯಾಸಿನವನಷ್ಟೇ ಅಲ್ಲಿಯ ಜನಕ್ಕೆ ಪರಿಚಿತ. ಬ್ರಿಟನ್ನಿನಲ್ಲಿ ಹೆಸರಾದ ಕ್ಯಾಲರ್ ಕಂಪನಿಯ ಕೆಂಪು ಸಿಲಿಂಡರಿನಲ್ಲಿ ಪ್ರೊಪೇನ್, ನೀಲಿಯಲ್ಲಿ ಬ್ಯುಟೇನ್; ಕಡಲು ದಾಟಿ ಯುರೋಪಿನ ನೆಲಕ್ಕೆ ಬಂದಮೇಲೆ ಅದನ್ನು ಬದಲಾಯಿಸಿ ಕೊಡುವವರಿಲ್ಲ.

ಹಾಗಾದರೆ ಹಲವು ದೇಶ ಸುತ್ತುವವರು ಏನು ಮಾಡಬೇಕು? ಮೂರು ದಾರಿಗಳಿವೆ.

ಮೊದಲನೆಯದು, ಎರಡು ತುಂಬಿದ ಸಿಲಿಂಡರಿನೊಡನೆ ಹೊರಟು, ಮುಗಿಯುವುದರೊಳಗೆ ಹಿಂದಿರುಗುವುದು. ಬೇಸಿಗೆಯಲ್ಲಿ ಮೂರು ನಾಲ್ಕು ವಾರದ ಪ್ರವಾಸಕ್ಕೆ ಇದೇ ಸರಳ, ಇದೇ ಸೋವಿ. ಬಾಡಿಗೆಯ ಗಾಡಿಯವರಿಗೆ ನಾನು ಹೇಳುವುದು ಇದನ್ನೇ. ಗಾಡಿ ಪಡೆಯುವಾಗ ಎರಡೂ ತುಂಬಿವೆಯೇ ಎಂದು ಎತ್ತಿ ನೋಡಿ ತೆಗೆದುಕೊಳ್ಳಿರಿ.

ಎರಡನೆಯದು, ಕ್ಯಾಂಪಿಂಗ್‌ಗ್ಯಾಸ್ ಎಂಬ ಹೆಸರಿನ ಸಣ್ಣ ನೀಲಿ ಸಿಲಿಂಡರು. ಯುರೋಪಿನ ಅನೇಕ ದೇಶಗಳಲ್ಲಿ ಇದನ್ನು ಬದಲಾಯಿಸಿಕೊಳ್ಳಬಹುದು. ಅದೇ ಇದರ ಹೆಚ್ಚುಗಾರಿಕೆ. ಆದರೆ ಅದರ ದೊಡ್ಡ ಸಿಲಿಂಡರಿನಲ್ಲೂ ಹಿಡಿಯುವುದು 2.75 ಕಿಲೋ ಮಾತ್ರ, ಅದೂ ಮುಖ್ಯವಾಗಿ ಬ್ಯುಟೇನ್, ಕಿಲೋಕ್ಕೆ ಬೆಲೆಯೂ ಹೆಚ್ಚು. ಕೇವಲ ಅಡುಗೆಗೆ, ಬೇಸಿಗೆಗೆ ಸಾಕು.

ಮೂರನೆಯದು, ಗಾಡಿಗೆ ಭದ್ರವಾಗಿ ಕೂಡಿಸಿದ, ಮತ್ತೆ ಮತ್ತೆ ತುಂಬಬಹುದಾದ ಸಿಲಿಂಡರು ಅಥವಾ ತೊಟ್ಟಿ. ಕಾರುಗಳಿಗೆ ಗ್ಯಾಸು ತುಂಬುವ ಬಂಕಿನಲ್ಲೇ ಇದನ್ನೂ ತುಂಬಿಸಬಹುದು. ತಿಂಗಳುಗಟ್ಟಲೆ ತಿರುಗುವವರಿಗೆ ಇದೇ ಮೇಲು. ಇಟಲಿ, ಪೋಲೆಂಡುಗಳಲ್ಲಿ ಇಂಥ ಬಂಕುಗಳು ಹೇರಳ. ಫಿನ್ಲೆಂಡಿನಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಫ್ರಾನ್ಸ್, ಇಟಲಿಗಳಲ್ಲಿ ಜಿ.ಪಿ.ಎಲ್. ಎಂದೂ ಸ್ಪೇನಿನಲ್ಲಿ ಜಿ.ಎಲ್.ಪಿ. ಎಂದೂ ಬರೆದಿರುವುದು ನಮ್ಮ ಎಲ್.ಪಿ.ಜಿ.ಯೇ. ಸಿ.ಎನ್.ಜಿ., ಮೆಟಾನೊ ಎಂದು ಬರೆದಿರುವುದು ಬೇರೆಯ ಅನಿಲ. ಅದರ ಹತ್ತಿರ ಹೋಗಬಾರದು. ಇಲ್ಲಿಯೂ ಬಾಯಿಯ ಭೇದ ತಪ್ಪಿಲ್ಲ: ಜರ್ಮನಿಯ ಬಂಕಿಗೆ ಆಕ್ಮೆ, ಫ್ರಾನ್ಸ್ ಇಟಲಿಗಳಿಗೆ ಡಿಷ್, ಬ್ರಿಟನ್ ಹಾಲೆಂಡುಗಳಿಗೆ ಬಯೊನೆಟ್, ಸ್ಪೇನಿಗೆ ಯೂರೋ ನಾಜಲ್ ಎಂಬ ಜೋಡಣೆಗಳು ಬಳಕೆಯವು. ನಾಲ್ಕನ್ನೂ ಒಂದು ಡಬ್ಬಿಯಲ್ಲಿಟ್ಟುಕೊಂಡರೆ ಯುರೋಪಿನ ಬಹುಭಾಗ ಸುತ್ತಬಹುದು.

ಆದರೆ ಸಾಮಾನ್ಯ ಸಿಲಿಂಡರನ್ನು ಬಂಕಿಗೆ ಒಯ್ದು ತುಂಬಿಸುವ ಸಾಹಸ ಬೇಡ. ಶಾಖಕ್ಕೆ ದ್ರವ ಪ್ರೊಪೇನ್ ಹಿಗ್ಗುವುದು ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಆ ಹಿಗ್ಗಿಗೆಂದೇ ಸಿಲಿಂಡರಿನಲ್ಲಿ ಐದನೆಯ ಒಂದು ಪಾಲು ಖಾಲಿ ಬಿಡುತ್ತಾರೆ. ಮರುತುಂಬುವ ಸಿಲಿಂಡರಿನಲ್ಲಿ ನೂರಕ್ಕೆ 80 ಭಾಗ ತುಂಬುತ್ತಲೇ ತಾನೇ ಮುಚ್ಚಿಕೊಳ್ಳುವ ವಾಲ್ವು ಇದೆ. ಸಾಮಾನ್ಯ ಸಿಲಿಂಡರಿನಲ್ಲಿ ಅದಿಲ್ಲ. ಕಂಠಮಟ್ಟ ತುಂಬಿದ ಸಿಲಿಂಡರು ಬಿಸಿಲಿಗೆ ಬಂದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಸುಮಾರು 2003ರಿಂದೀಚೆಗೆ ಕಟ್ಟಿದ ಗಾಡಿಗಳಲ್ಲಿ ರೆಗ್ಯುಲೇಟರು ಸಿಲಿಂಡರಿನ ಮೇಲಲ್ಲ, ಗ್ಯಾಸಿನ ಗೂಡಿನ ಗೋಡೆಗೆ ಇರುತ್ತದೆ. ಪ್ರೊಪೇನಿಗೂ ಬ್ಯುಟೇನಿಗೂ ಒಂದೇ ಒತ್ತಡ, 30 ಮಿಲಿಬಾರ್. ಆದ್ದರಿಂದ ಬೇರೆ ದೇಶದ ಸಿಲಿಂಡರು ಕೊಂಡರೂ ನೀವು ಬದಲಿಸಬೇಕಾದದ್ದು ಅದಕ್ಕೆ ಹೊಂದುವ ಕೊಳವೆಯನ್ನು ಮಾತ್ರ. ಹಳೆಯ ಗಾಡಿಗಳಲ್ಲಿ ಒತ್ತಡ ಬೇರೆಯಿರಬಹುದು. ಅಂಟಿಸಿರುವ ಚೀಟಿಯನ್ನು ಓದದೆ ಕೈಹಚ್ಚಬಾರದು. ಜರ್ಮನ್ ಸಿಲಿಂಡರಿನ ತಿರುಪು ಎಡಗಡೆಯದು ಎಂಬುದೂ ನೆನಪಿರಲಿ: ನಾವು ಸಡಿಲಿಸುವ ಕಡೆಗೆ ತಿರುಗಿಸಿದರೆ ಅದು ಬಿಗಿಯಾಗುತ್ತದೆ.

ಗ್ಯಾಸನ್ನು ಉಳಿಸುವ ಉಪಾಯವೂ ಒಂದುಂಟು. ಕ್ಯಾಂಪಿನ ಮೈದಾನದಲ್ಲಿ ವಿದ್ಯುತ್ ದೊರೆತಾಗ ಫ್ರಿಜ್ಜನ್ನು ಅದಕ್ಕೆ ಹೊರಳಿಸಿರಿ. ಎಷ್ಟು ಆಂಪಿಯರ್ ಎಂದು ಮೊದಲೇ ಕೇಳಬೇಕು. 6 ಆಂಪಿಯರಿನ ಮೈದಾನದಲ್ಲಿ ದೊರೆಯುವುದು 230 ವೋಲ್ಟಿನ ಲೆಕ್ಕಕ್ಕೆ 1380 ವಾಟ್ ಮಾತ್ರ; 2000 ವಾಟಿನ ಕೆಟಲು ಹಾಕಿದರೆ ಕತ್ತಲೆ.

ಕೊನೆಯದಾಗಿ ಸುರಕ್ಷತೆಯ ಮಾತು. ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ತಂಗುತ್ತದೆ. ಅದಕ್ಕೆಂದೇ ಗ್ಯಾಸಿನ ಗೂಡಿನ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಅದರ ಮೇಲೆ ಚೀಲ, ಚಪ್ಪಲಿ ಇಡಬಾರದು. ಸಿಲಿಂಡರು ನೆಟ್ಟಗೆ ನಿಂತು ಪಟ್ಟಿಯಿಂದ ಬಿಗಿದಿರಬೇಕು. ಹೊಸದಾಗಿ ಕೂಡಿಸಿದಾಗಲೆಲ್ಲ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದೇ ನೋಡಿರಿ. ಪೆಟ್ರೋಲ್ ಬಂಕಿಗೆ ಗಾಡಿ ತಿರುಗಿಸುವ ಮೊದಲು ಒಳಗಿನ ಪ್ರತಿಯೊಂದು ಉರಿಯೂ ಆರಿರಬೇಕು. ಹಡಗನ್ನೇರುವಾಗಲೂ ಕಡಲಡಿಯ ಸುರಂಗದ ರೈಲನ್ನೇರುವಾಗಲೂ ಸಿಲಿಂಡರಿನ ಕೀಲಿಯನ್ನೇ ತಿರುಗಿಸಿ ಮುಚ್ಚಬೇಕು. ಚಳಿಯೆಂದು ಗಾಳಿಕಿಂಡಿಗೆ ಬಟ್ಟೆ ತುರುಕುವುದು, ಬೆಚ್ಚಗಾಗಲೆಂದು ಅಡುಗೆಯ ಒಲೆ ಉರಿಸಿಟ್ಟು ಮಲಗುವುದು, ಇವೆರಡೂ ಪ್ರಾಣಕ್ಕೆ ಎರವು. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಗುರುತಿಸಿ ಕೂಗುವ ಪುಟ್ಟ ಯಂತ್ರ ದೊರೆಯುತ್ತದೆ. ಬಾಡಿಗೆಯ ಗಾಡಿಯಲ್ಲಿ ಅದಿಲ್ಲದಿದ್ದರೆ ಕೊಂಡಾದರೂ ಇಟ್ಟುಕೊಳ್ಳಿರಿ.

ಇಷ್ಟನ್ನು ರೂಢಿ ಮಾಡಿಕೊಂಡವರಿಗೆ ಗ್ಯಾಸಿನ ಯೋಚನೆ ದಿನಕ್ಕೆ ಎರಡು ನಿಮಿಷದ್ದು. ಸಂಜೆ ಗಾಡಿ ನಿಲ್ಲಿಸಿದಾಗ ಸಿಲಿಂಡರನ್ನು ನೋಡಿರಿ. ಶುಕ್ರವಾರ ಮರೆಯದೆ ತೂಗಿರಿ. ಒಂದು ಖಾಲಿಯಾದೊಡನೆ, ಆ ದೇಶದ ಗಡಿ ದಾಟುವ ಮೊದಲೇ, ಬದಲಾಯಿಸಿಕೊಳ್ಳಿರಿ. ಗಡಿಯಾಚೆಗೆ ಹೋದಮೇಲೆ ಆ ಖಾಲಿ ಸಿಲಿಂಡರಿಗೆ ಕಬ್ಬಿಣದ ಬೆಲೆ ಮಾತ್ರ.