ಹೊಸ ಗಿಟಾರ್ ಕೊಳ್ಳುವ ಮೊದಲು ಇರುವುದನ್ನು ಸರಿಮಾಡಿ

ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಹೊರಟ ಅನೇಕರು ಕೆಲವೇ ತಿಂಗಳಲ್ಲಿ ಅದನ್ನು ಮೂಲೆಗೆ ಇಡುತ್ತಾರೆ. ಬೆರಳು ನೋಯುತ್ತದೆ, ತಂತಿ ಝರ್ ಝರ್ ಎನ್ನುತ್ತದೆ, ಶ್ರುತಿ ಮಾಡಿದ್ದರೂ ಮೇಲಿನ ಸ್ವರಗಳು ಅಪಸ್ವರವಾಗಿ ಕೇಳುತ್ತವೆ. ಕೆಲವರು ತಮಗೆ ಸಂಗೀತ ಬರುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ದುಬಾರಿ ಗಿಟಾರ್ ಬೇಕೆಂದು ಮನೆಯಲ್ಲಿ ಕೇಳುತ್ತಾರೆ. ಆದರೆ ಹೆಚ್ಚಿನ ಸಲ ಇದಕ್ಕೆಲ್ಲ ಕಾರಣ ಗಿಟಾರನ್ನು ಸರಿಯಾಗಿ ಹೊಂದಿಸದೆ ಇರುವುದು. ಹೀಗೆ ಹೊಂದಿಸುವ ಕೆಲಸಕ್ಕೆ ‘ಸೆಟಪ್’ ಎನ್ನುತ್ತಾರೆ. ಕಾಮರ್ಸ್ ವಿದ್ಯಾರ್ಥಿಗಳ ಮಾತಿನಲ್ಲಿ ಹೇಳುವುದಾದರೆ, ಹೊಸ ಗಿಟಾರ್ ಬಂಡವಾಳ ವೆಚ್ಚ, ಸೆಟಪ್ ಬರೀ ರಿಪೇರಿ ಖರ್ಚು.

ಇಲ್ಲಿ ಸ್ಟ್ರಾಟೋಕಾಸ್ಟರ್ ಮಾದರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಫೆಂಡರ್ ಕಂಪನಿ 1954ರಲ್ಲಿ ತಂದ ಈ ಮಾದರಿಯನ್ನು ಇಂದು ಕಡಿಮೆ ಬೆಲೆಯ ಅನೇಕ ಗಿಟಾರ್‌ಗಳು ಅನುಸರಿಸುತ್ತವೆ. ಬೇಕಾಗುವ ಸಾಮಾನು ಇಷ್ಟೇ: ಹೊಸ ತಂತಿ, ಅಲೆನ್ ಕೀ, ಸ್ಕ್ರೂಡ್ರೈವರ್, ಟ್ಯೂನರ್, ಸಣ್ಣ ಸ್ಟೀಲ್ ಸ್ಕೇಲ್ ಮತ್ತು ಬೈಕ್ ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜ್. ಕೆಲಸವನ್ನು ಕೆಳಗಿನ ಕ್ರಮದಲ್ಲೇ ಮಾಡಬೇಕು. ಮೊದಲಿನದು ಬದಲಾದರೆ ನಂತರದ ಅಳತೆಗಳೆಲ್ಲ ಬದಲಾಗುತ್ತವೆ.

1. ತಂತಿ: ತುಕ್ಕು ಹಿಡಿದ ತಂತಿಯಿಂದ ಯಾವ ಅಳತೆಯೂ ಸರಿಬರುವುದಿಲ್ಲ. ಹೊಸ ತಂತಿ ಹಾಕಿ, ಕೈಯಿಂದ ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಬೇಕು. ಶ್ರುತಿ ನಿಲ್ಲುವವರೆಗೆ ಹೀಗೆ ಮೂರ್ನಾಲ್ಕು ಸಲ ಮಾಡಬೇಕು.

2. ನೆಕ್: ಆರು ತಂತಿಗಳು ಸೇರಿ ಸುಮಾರು 45 ಕಿಲೋ ಬಲದಿಂದ ನೆಕ್ಕನ್ನು ಮುಂದಕ್ಕೆ ಎಳೆಯುತ್ತವೆ. ಇದನ್ನು ತಡೆಯಲು ಮರದೊಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ಆರನೆಯ ತಂತಿಯನ್ನು ಮೊದಲನೆಯ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಎಂಟನೆಯ ಫ್ರೆಟ್ ಮತ್ತು ತಂತಿಯ ನಡುವೆ ಸುಮಾರು 0.25 ಮಿ.ಮೀ. ಅಂತರ ಇರಬೇಕು. ಹೆಚ್ಚಿದ್ದರೆ ರಾಡನ್ನು ಬಿಗಿಮಾಡಬೇಕು, ಕಡಿಮೆಯಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ರಾಡ್ ಮುರಿದರೆ ನೆಕ್ಕೇ ಹೋಗಬಹುದು.

3. ತಂತಿಯ ಎತ್ತರ: ಬೆರಳು ನೋಯುವುದಕ್ಕೆ ಮುಖ್ಯ ಕಾರಣ ಇದೇ. ತಂತಿ ಎತ್ತರದಲ್ಲಿದ್ದಷ್ಟೂ ಒತ್ತಲು ಬಲ ಬೇಕು. ಹದಿನೇಳನೆಯ ಫ್ರೆಟ್‌ನ ಮೇಲೆ ಸುಮಾರು 1.6 ಮಿ.ಮೀ. ಎತ್ತರ ಇದ್ದರೆ ಸಾಕು. ಬ್ರಿಡ್ಜ್ ಮೇಲೆ ಪ್ರತಿ ತಂತಿಗೂ ಒಂದು ಸ್ಯಾಡಲ್ ಇರುತ್ತದೆ. ಅದರ ಎರಡು ಪುಟ್ಟ ಸ್ಕ್ರೂಗಳನ್ನು ಅಲೆನ್ ಕೀಯಿಂದ ತಿರುಗಿಸಿ ಎತ್ತರ ಬದಲಿಸಬಹುದು. ತೀರಾ ಇಳಿಸಿದರೆ ತಂತಿ ಫ್ರೆಟ್‌ಗೆ ತಗಲಿ ಝರ್ ಎನ್ನುತ್ತದೆ. ಮೊದಲ ಕೆಲವು ಫ್ರೆಟ್‌ಗಳಲ್ಲಿ ಮಾತ್ರ ಸದ್ದು ಬಂದರೆ ನೆಕ್ ತೀರಾ ನೇರವಾಗಿರಬಹುದು. ಒತ್ತದೆ ಬಾರಿಸಿದಾಗ ಮಾತ್ರ ಬಂದರೆ, ತಲೆಯ ಕಡೆಯ ನಟ್‌ನ ಗಾಡಿ ಆಳವಾಗಿದೆ ಎಂದು ಸಂಶಯಪಡಬೇಕು.

4. ಇಂಟೊನೇಶನ್: ಹನ್ನೆರಡನೆಯ ಫ್ರೆಟ್ ತಂತಿಯ ನಡುಭಾಗ. ಅಲ್ಲಿ ಒತ್ತಿದರೆ ಕಂಪನ ಎರಡರಷ್ಟಾಗಬೇಕು. ಐದನೆಯ ತಂತಿ 110 ಹರ್ಟ್ಸ್ ಇದ್ದರೆ ಅಲ್ಲಿ 220 ಆಗಬೇಕು. ಆದರೆ ಒತ್ತಿದಾಗ ತಂತಿ ಸ್ವಲ್ಪ ಹಿಗ್ಗಿ ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ತಂತಿಯ ಉದ್ದವನ್ನು ತುಸು ಹೆಚ್ಚಿಸಬೇಕು. ಸ್ಯಾಡಲ್‌ಗಳು ಒಂದೇ ಸಾಲಿನಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ. ಟ್ಯೂನರ್‌ನಲ್ಲಿ ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ ನೋಡಬೇಕು.

5. ಪಿಕಪ್: ಇದು ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ ಸುತ್ತಿದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ ಇದು, ಸೈನ್ಸ್ ಗೆಳೆಯರಿಗೆ ಪರಿಚಿತವೇ. ಪಿಕಪ್ ಹತ್ತಿರವಾದರೆ ಸದ್ದು ಜೋರಾಗುತ್ತದೆ. ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ನಡುಗುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಯ ಕಡೆ 2 ಮಿ.ಮೀ., ತೆಳು ತಂತಿಯ ಕಡೆ 1.6 ಮಿ.ಮೀ. ಅಂತರದಿಂದ ಆರಂಭಿಸಿ, ಕಿವಿಗೆ ಹಿತವಾಗುವಂತೆ ಬದಲಿಸಬಹುದು. ಎಷ್ಟೋ ಸಲ ಹೊಸ ಪಿಕಪ್ ಕೊಳ್ಳುವ ಯೋಚನೆ ಇಲ್ಲಿಗೇ ನಿಲ್ಲುತ್ತದೆ.

ಇನ್ನೆರಡು ಸಣ್ಣ ರಿಪೇರಿಗಳಿವೆ. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಾಕಾಗಬಹುದು. ಶ್ರುತಿ ಮಾಡುವಾಗ ತಂತಿ ನಟ್‌ನಲ್ಲಿ ಸಿಕ್ಕಿ ಟಕ್ ಎಂದರೆ, ಗಾಡಿಯಲ್ಲಿ ಪೆನ್ಸಿಲ್ ಉಜ್ಜಿದರೆ ಸಲೀಸಾಗಿ ಜಾರುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂದಿಲ್ಲ. ಸವೆದ ಫ್ರೆಟ್‌ಗಳನ್ನು ಸಮಮಾಡುವುದು, ನಟ್ ಕೊರೆಯುವುದು, ಒಳಗಿನ ವೈರ್‌ಗಳ ಬೆಸುಗೆ ಇವು ಅನುಭವಿಗಳ ಕೆಲಸ. ಆದರೆ ದೋಷ ಎಲ್ಲಿದೆ ಎಂದು ನಮಗೆ ಗೊತ್ತಿದ್ದರೆ ಅಂಗಡಿಯಲ್ಲಿ ಬೇಡದ ಖರ್ಚಿಗೆ ಒಪ್ಪುವುದು ತಪ್ಪುತ್ತದೆ.

ನೆಕ್ ಮರದ್ದಾದ್ದರಿಂದ ಮಳೆಗಾಲದ ತೇವಕ್ಕೂ ಬೇಸಿಗೆಯ ಒಣಗಾಳಿಗೂ ಅದು ಸ್ವಲ್ಪ ಬಾಗುತ್ತದೆ. ಅಳತೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಋತು ಬದಲಾದಾಗ ಮತ್ತೆ ನೋಡಿ. ಮೂಲೆಯಲ್ಲಿ ಧೂಳು ಹಿಡಿದ ಗಿಟಾರ್ ನಿಮ್ಮ ಮನೆಯಲ್ಲಿದ್ದರೆ ಈ ರಜೆಯಲ್ಲಿ ಹೊರತೆಗೆದು, ಮೊದಲು ತಂತಿಯ ಎತ್ತರ ಅಳೆದು ನೋಡಿ.