ಟ್ರಾಕ್ಟರಿನ ಮುಂದಿನ ಅಚ್ಚು ಏಕೆ ಸೋರುತ್ತದೆ?

ಕೀಲೆಣ್ಣೆ ಆರಿದ ಎತ್ತಿನ ಬಂಡಿ ಕಿರುಗುಟ್ಟಿ ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುತ್ತದೆ. ಟ್ರಾಕ್ಟರು ಹಾಗಲ್ಲ. ನಾಲ್ಕು ಗಾಲಿಗಳಿಗೂ ಎಳೆತವಿರುವ ಟ್ರಾಕ್ಟರಿನ ಮುಂದಿನ ಅಚ್ಚು ಸೋರತೊಡಗಿದರೆ, ಗಾಲಿಯ ಒಳಮಗ್ಗುಲಲ್ಲಿ ಕಾಣುವ ಕಪ್ಪು ಜಿಡ್ಡೇ ಮೊದಲ ಸೂಚನೆ. ಅದನ್ನು ಅಲಕ್ಷಿಸಿದರೆ ಮುಂದೆ ಬೇರಿಂಗು, ಹಲ್ಲುಗಾಲಿಗಳೇ ಸವೆದುಹೋಗುವುವು.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಯಂತ್ರಶಾಸ್ತ್ರ ನನ್ನ ಪಠ್ಯವಲ್ಲ. ಆದರೂ ಮಾನ್ವಿಯ ಕಡೆಯ ಒಕ್ಕಲು ಮನೆತನದವನಾದ್ದರಿಂದ ಈ ವಿಷಯ ನನಗೆ ಹೊರಗಿನದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಯ ಎರೆಭೂಮಿಗೂ, ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದವು. ನೀರಿನೊಡನೆ ಭತ್ತ ಬಂದಿತು. ಭತ್ತದೊಡನೆ ಕೆಸರು ಬಂದಿತು. ಗದ್ದೆಯನ್ನು ರೊಜ್ಜು ಮಾಡುವಾಗ ಮುಂದಿನ ಗಾಲಿಗಳು ಗುಂಬದವರೆಗೆ ಹೂತು ತಿರುಗುತ್ತವೆ. ಕಾಲುವೆಯ ನೀರೂ, ಬೆಳೆದುನಿಂತ ಸಸಿಯೂ ಯಾರಿಗಾಗಿಯೂ ಕಾಯುವುದಿಲ್ಲ. ಆ ನಾಲ್ಕು ದಿನ ಟ್ರಾಕ್ಟರು ನಿಂತರೆ ಒಂದು ಬೆಳೆಯೇ ಹಿಂದೆ ಬಿದ್ದಂತೆ.

ಸೋರಿಕೆಯನ್ನು ತಡೆಯುವ ವಸ್ತು ಆಯಿಲ್ ಸೀಲು ಎಂಬ ಬಳೆಯಂಥ ಉಂಗುರ. ಹೊರಗೆ ಲೋಹದ ಕವಚ, ಒಳಗೆ ರಬ್ಬರಿನ ತೆಳು ತುಟಿ, ತುಟಿಯ ಬೆನ್ನಿಗೆ ಸಣ್ಣ ಸುರುಳಿ ಸ್ಪ್ರಿಂಗು. ತಿರುಗುವ ದಂಡವನ್ನು ತುಟಿ ಮೆಲ್ಲಗೆ ಅಪ್ಪಿ, ಎಣ್ಣೆಯನ್ನು ಒಳಗೂ ಮಣ್ಣನ್ನು ಹೊರಗೂ ನಿಲ್ಲಿಸುತ್ತದೆ. 1930ರ ಸುಮಾರಿಗೆ ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಎಂಬ ತೊಗಲು ಹದಮಾಡುವ ಸಂಸ್ಥೆ ಇಂಥ ಸೀಲುಗಳನ್ನು ತೊಗಲಿನಿಂದ ತಯಾರಿಸುತ್ತಿದ್ದಿತು. ಕೃತಕ ರಬ್ಬರು ಬಂದುದು ಆಮೇಲೆ.

ಸೀಲು ಸೋರಿದರೆ ಹೊಸ ಸೀಲು ಹಾಕಿದರಾಯಿತು ಎಂದು ಬಹುಮಂದಿ ತಿಳಿಯುತ್ತಾರೆ. ನಮ್ಮ ಟ್ರಾಕ್ಟರಿಗೆ ಒಂದೇ ಹಂಗಾಮಿನಲ್ಲಿ ಎರಡು ಸಲ ಹಾಗೆ ಮಾಡಿಸಿಯೂ ಎಣ್ಣೆ ನಿಲ್ಲಲಿಲ್ಲ. ಮೂರನೆಯ ಸಲ ರಾಯಚೂರಿನಿಂದ ಬಂದ ಹಿರಿಯ ಮೇಸ್ತ್ರಿಯೊಬ್ಬರು ಸೀಲನ್ನು ಮುಟ್ಟುವ ಮೊದಲು ಅಚ್ಚಿನ ಮೇಲಿನ ಬ್ರೀದರನ್ನು ಬಿಚ್ಚಿದರು. ಅದರೊಳಗೆ ಎರೆಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿದ್ದಿತು! ಬ್ರೀದರೆಂದರೆ ಅಚ್ಚಿನ ಮೂಗು. ಕೆಲಸದ ಕಾವಿಗೆ ಒಳಗಿನ ಗಾಳಿ ಹಿಗ್ಗಿದಾಗ ಹೊರಹೋಗುವ ದಾರಿ ಅದೇ. ಅದು ಮುಚ್ಚಿದರೆ ಗಾಳಿ ಎಣ್ಣೆಯನ್ನು ಸೀಲಿನ ತುಟಿಯಾಚೆ ನೂಕುತ್ತದೆ. ಕಾದ ಅಚ್ಚು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಅದೇ ಸಂದಿನಿಂದ ನೀರನ್ನು ಹೀರುತ್ತದೆ. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ.

ಬೇರೆ ಕಾರಣಗಳೂ ಉಂಟು. ಎಣ್ಣೆ ಅಳತೆ ಮೀರಿರಬಹುದು. ಹುಲ್ಲು, ತಂತಿ, ದಾರ ದಂಡಕ್ಕೆ ಸುತ್ತಿಕೊಂಡು ತುಟಿಯನ್ನು ಕೊಯ್ದಿರಬಹುದು. ಬೇರಿಂಗು ಸವೆದು ದಂಡ ಅಲುಗಾಡುತ್ತಿರಬಹುದು. ತುಟಿ ತೇದ ಜಾಗದಲ್ಲಿ ದಂಡಕ್ಕೇ ಗೆರೆ ಬಿದ್ದಿರಬಹುದು. ಗೆರೆಯನ್ನು ಪರೀಕ್ಷಿಸಲು ಉಗುರೇ ಸಾಕು. ಉಗುರು ತಡೆದರೆ ಅಲ್ಲಿ ಹೊಸ ಸೀಲು ಬಹುಕಾಲ ಬಾಳದು. ದಂಡಕ್ಕೆ ತೆಳುವಾದ ಉಕ್ಕಿನ ತೋಳು ತೊಡಿಸಬೇಕು, ಇಲ್ಲವೆ ದಂಡವನ್ನೇ ಬದಲಾಯಿಸಬೇಕು.

ಇನ್ನು ರಿಪೇರಿಯ ಕ್ರಮ. ಮುಂದಿನ ಅಚ್ಚು ನಡುವಿನ ಗೂಟದ ಮೇಲೆ ತೂಗಾಡುವಂಥದಾದ್ದರಿಂದ, ಜಾಕಿನಿಂದ ಎತ್ತುವ ಮೊದಲು ಹಿಂದಿನ ಗಾಲಿಗೆ ತಡೆಯನ್ನೂ, ಅಚ್ಚಿಗೂ ಚೌಕಟ್ಟಿಗೂ ನಡುವೆ ಮರದ ಬೆಣೆಯನ್ನೂ ಇಡಬೇಕು. ಎತ್ತಿದ ಮೇಲೆ ಗಟ್ಟಿಯಾದ ಆಧಾರ ಕೊಡದೆ ಅಡಿಗೆ ಕೈ ಹಾಕಕೂಡದು. ಕೆಸರನ್ನು ಪೂರ್ತಿ ತೊಳೆದು, ಎಣ್ಣೆ ಬಸಿದು, ಗಾಲಿ ಕಳಚಿ, ಗುಂಬವನ್ನು ಬಿಚ್ಚಿ, ಹಳೆಯ ಸೀಲನ್ನು ಅದು ಕುಳಿತ ಮನೆಗೆ ಗಾಯವಾಗದಂತೆ ತೆಗೆಯಬೇಕು. ಸೀಲಿನ ಮೇಲೆ 35-52-7 ಎಂದಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಅನುಕ್ರಮವಾಗಿ ಅಷ್ಟು ಮಿಲಿಮೀಟರು. ಅದೇ ಅಳತೆಯದನ್ನೇ ತರಬೇಕು. ತುಟಿಗೆ ಗ್ರೀಸು ಸವರಿ, ಸ್ಪ್ರಿಂಗಿನ ಮುಖ ಎಣ್ಣೆಯ ಕಡೆಗಿರುವಂತೆ ಹಿಡಿದು, ಸೀಲಿನಷ್ಟೇ ಅಗಲದ ಕೊಳವೆಯ ತುಂಡನ್ನಿಟ್ಟು ಸಮನಾಗಿ ತಟ್ಟಬೇಕು. ಒಂದು ಕಡೆ ಸುತ್ತಿಗೆ ಬಡಿದರೆ ಸೀಲು ಓರೆಯಾಗಿ ಮತ್ತೆ ಸೋರುತ್ತದೆ. ಜೋಡಣೆಯ ವಿವರ ಒಂದೊಂದು ಟ್ರಾಕ್ಟರಿಗೆ ಒಂದೊಂದು ಬಗೆ. ಕೈಪಿಡಿಯನ್ನು ನೋಡುವುದು ಲೇಸು. ಕೊನೆಗೆ ಹೊಸ ಎಣ್ಣೆಯನ್ನು ಗುರುತಿನವರೆಗೆ ತುಂಬಿ, ಒಂದು ಗಂಟೆ ಓಡಿಸಿ ಮತ್ತೆ ನೋಡಬೇಕು. ಬಸಿದ ಎಣ್ಣೆಯನ್ನು ಕಾಲುವೆಗೆ ಚೆಲ್ಲಲಾಗದು. ಕೆಳಗಿನ ಊರಿನವರು ಆ ನೀರನ್ನೇ ಬಳಸುತ್ತಾರೆ.

ಗದ್ದೆಯಿಂದ ಬಂದ ಸಂಜೆಯೇ ಅಚ್ಚು ತೊಳೆದು, ಸುತ್ತಿದ ಹುಲ್ಲು ಬಿಡಿಸಿ, ಬ್ರೀದರನ್ನು ಶುಚಿಮಾಡಲು ಕಾಲು ಗಂಟೆ ಸಾಕು. ಇದಕ್ಕೆ ಮೇಸ್ತ್ರಿ ಬೇಕಿಲ್ಲ. ನಮ್ಮಲ್ಲಿ ಅನೇಕರು ಒಕ್ಕಲು ಮನೆಗಳಿಂದ ಬಂದವರು. ರಜೆಗೆ ಊರಿಗೆ ಹೋದಾಗ ಇಷ್ಟನ್ನು ನಾವೇ ಮಾಡಬಹುದಲ್ಲವೆ?