ಆಗುಂಬೆಯ ಕಾಳಿಂಗಕ್ಕೆ ತನ್ನದೇ ಹೆಸರು

ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆಗೆ ಹೋದರೆ ಕಾಳಿಂಗ ಸರ್ಪವನ್ನು ಕಣ್ಣಾರೆ ಕಂಡವರು ಊರೂರಲ್ಲಿ ಸಿಗುತ್ತಾರೆ. ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ಬಂದುಹೋಗುವ ಈ ಹಾವು ಮಲೆನಾಡಿಗರಿಗೆ ತಲೆತಲಾಂತರದ ಪರಿಚಯ. ವಿಜ್ಞಾನದ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 2024ರಲ್ಲಿ, ‘ಒಫಿಯೊಫೇಗಸ್ ಕಾಳಿಂಗ’ ಎಂಬ ಹೆಸರಿನಿಂದ. ಅಲ್ಲಿಯವರೆಗೆ ಭಾರತದಿಂದ ಫಿಲಿಪ್ಪೀನ್ಸ್‌ವರೆಗಿನ ಕಾಳಿಂಗಗಳನ್ನೆಲ್ಲ ಒಂದೇ ಪ್ರಭೇದವೆಂದು ಎಣಿಸಲಾಗುತ್ತಿತ್ತು. 1836ರಲ್ಲಿ ಥಿಯೋಡರ್ ಕ್ಯಾಂಟರ್ ಇಟ್ಟ ‘ಹ್ಯಾನಾ’ ಎಂಬ ಹೆಸರೇ ಎಲ್ಲಕ್ಕೂ ನಡೆದುಬಂದಿತ್ತು.

ಒಂದು ಹೆಸರಿನಡಿ ನಾಲ್ಕು ಹಾವು

ಕಾಳಿಂಗಗಳನ್ನು ಬೇರ್ಪಡಿಸಿ ಗುರುತಿಸುವ ಕೆಲಸದ ಮುಂಚೂಣಿಯಲ್ಲಿದ್ದವರು ಆಗುಂಬೆ ಸಮೀಪದ ಗುಡ್ಡೇಕೇರಿಯಲ್ಲಿ ಮಳೆಕಾಡಿನ ಅಧ್ಯಯನ ಕೇಂದ್ರ ಕಟ್ಟಿದ ಪಿ. ಗೌರಿಶಂಕರ್. ಬೇರೆ ಬೇರೆ ಪ್ರದೇಶಗಳ ಕಾಳಿಂಗಗಳ ಡಿಎನ್‌ಎ ಹೋಲಿಸಿ ಅವರೂ ಸಂಗಡಿಗರೂ 2021ರಲ್ಲಿ ಪ್ರಕಟಿಸಿದ ಅಧ್ಯಯನ ನಾಲ್ಕು ಬೇರೆ ಬೇರೆ ವಂಶಗಳನ್ನು ಗುರುತಿಸಿತು.

ಇಂಥ ಪರೀಕ್ಷೆಗೆ ಹಾವನ್ನು ಕೊಲ್ಲಬೇಕಿಲ್ಲ. ಹುರುಪೆಯ ಚೂರು ಸಾಕು. ಕಳಚಿಬಿದ್ದ ಪೊರೆಯಿಂದಲೂ ಡಿಎನ್‌ಎ ತೆಗೆಯಬಹುದು. ಪ್ರಯೋಗಾಲಯದಲ್ಲಿ ಆಯ್ದ ವಂಶವಾಹಿ ತುಣುಕುಗಳನ್ನು ಕೋಟಿಗಟ್ಟಲೆ ಪ್ರತಿ ಮಾಡಿ, ಅವುಗಳ ಅಕ್ಷರ ಸರಣಿಯನ್ನು ಓದಿ, ಒಂದು ಊರಿನ ಹಾವನ್ನು ಇನ್ನೊಂದು ಊರಿನದರೊಂದಿಗೆ ಸಾಲು ಸಾಲಾಗಿ ತಾಳೆ ನೋಡುತ್ತಾರೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುವುದರಿಂದ ಅದೊಂದನ್ನೇ ನಂಬಿದರೆ ದಾರಿ ತಪ್ಪಬಹುದು. ಹಾಗಾಗಿ ಜೀವಕೋಶದ ಕೇಂದ್ರದಲ್ಲಿರುವ ವಂಶವಾಹಿಗಳ ಸಾಕ್ಷ್ಯವನ್ನೂ ಕೇಳಬೇಕು.

ಡಿಎನ್‌ಎ ಬೇರೆ ಎಂದಾಕ್ಷಣ ಹೆಸರಿಡಲು ಆಗುವುದಿಲ್ಲ. ಸರೀಸೃಪ ತಜ್ಞ ಇಂದ್ರನೀಲ್ ದಾಸ್, ಗೌರಿಶಂಕರ್ ಮುಂತಾದವರು ವಸ್ತುಸಂಗ್ರಹಾಲಯಗಳಲ್ಲಿ ಕಾಪಿಟ್ಟ ಹಳೆಯ ಹಾವುಗಳ ಹುರುಪೆ, ಬಣ್ಣ, ಪಟ್ಟೆಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಪಶ್ಚಿಮ ಘಟ್ಟದ ಕಾಳಿಂಗದ ಮೈಮೇಲಿನ ತಿಳಿಬಣ್ಣದ ಪಟ್ಟೆಗಳಿಗೆ ಉತ್ತರದ ಕಾಳಿಂಗಕ್ಕಿರುವಂಥ ಕಪ್ಪು ಅಂಚಿಲ್ಲ. ಡಿಎನ್‌ಎ ಹೇಳಿದ್ದನ್ನೇ ಚರ್ಮವೂ ಹೇಳಿತು. ಆಗಷ್ಟೇ ಹೆಸರಿಗೆ ಬಲ ಬಂತು.

ಕೊಯ್ಯದೆ ಎಲುಬು ನೋಡುವ ಬಗೆ

ಚಿಕ್ಕ ಜೀವಿಗಳಲ್ಲಿ ವ್ಯತ್ಯಾಸ ಎಷ್ಟೋ ಸಲ ಮೈಯೊಳಗೆ ಅಡಗಿರುತ್ತದೆ. ಅಲ್ಲಿ ನೆರವಾಗುವುದು ಮೈಕ್ರೊ ಸಿಟಿ ಸ್ಕ್ಯಾನ್. ಜೀವಿಯ ಮಾದರಿಯನ್ನು ನಿಧಾನವಾಗಿ ತಿರುಗಿಸುತ್ತ ಎಲ್ಲ ಕೋನಗಳಿಂದ ಎಕ್ಸ್‌–ರೇ ಚಿತ್ರ ತೆಗೆಯುತ್ತಾರೆ. ಕಂಪ್ಯೂಟರ್ ಅವನ್ನೆಲ್ಲ ಜೋಡಿಸಿ ಅಸ್ಥಿಪಂಜರದ ಮೂರು ಆಯಾಮದ ರೂಪ ಕೊಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ವಿಜಯಕುಮಾರ್ 2010ರಲ್ಲಿ ವಯನಾಡಿನಲ್ಲಿ ಕಂಡ, ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ ನಕ್ಷತ್ರ ಚುಕ್ಕೆಯ ಕಪ್ಪೆಯೊಂದು ಹೀಗೆಯೇ ತನ್ನ ಗುಟ್ಟು ಬಿಟ್ಟುಕೊಟ್ಟಿತು. ಡಿಎನ್‌ಎ ಮತ್ತು ಅಮೆರಿಕದ ಫ್ಲಾರಿಡಾದಲ್ಲಿ ಮಾಡಿದ ಸ್ಕ್ಯಾನ್ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಅದು ಕೋಟ್ಯಂತರ ವರ್ಷಗಳ ಹಿಂದೆಯೇ ಕವಲೊಡೆದ ವಂಶವೆಂದು ತಿಳಿಯಿತು. 2019ರಲ್ಲಿ ಹೊಸ ಕುಲವಾಗಿಯೇ ಅದನ್ನು ವರ್ಣಿಸಲಾಯಿತು.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೂ ಹೊಸ ಪ್ರಭೇದಗಳನ್ನು ಗುರುತಿಸುವ ಈ ವಿದ್ಯೆಗೂ ನಂಟಿದೆ. ಪರಿಸರ ವಿಜ್ಞಾನದ ಎಸ್.ವಿ. ಕೃಷ್ಣಮೂರ್ತಿ ಅಲ್ಲಿ ಪಶ್ಚಿಮ ಘಟ್ಟದ ಕಪ್ಪೆಗಳ ಅಧ್ಯಯನ ಬೆಳೆಸಿದರು. ಅವರೊಂದಿಗೆ ಕೆಲಸ ಮಾಡಿದ ಕೆ.ವಿ. ಗುರುರಾಜ ಮುಂದೆ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಸಂಗಡಿಗರೊಂದಿಗೆ ಕುಂಬಾರ ಕಪ್ಪೆಯನ್ನು ಗುರುತಿಸಿ 2014ರಲ್ಲಿ ವರ್ಣಿಸಿದರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಳ್ಳದ ತಳದಿಂದ ಮುಂಗಾಲಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕಗ್ಗತ್ತಲಲ್ಲಿ ನಡೆಯುವ ಈ ಕೆಲಸವನ್ನು ಇನ್ಫ್ರಾರೆಡ್ ಕ್ಯಾಮೆರಾ ಹಿಡಿದುಕೊಟ್ಟಿತು. ಹೊಸ ಪ್ರಭೇದದ ವಿವರಣೆಯಲ್ಲಿ ವಂಶವಾಹಿ, ಮೈಕಟ್ಟುಗಳ ಜೊತೆ ಈ ನಡವಳಿಕೆಯೂ ಸೇರಿತು.

ಹೆಸರು ಕೊಟ್ಟ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಶರಾವತಿ ಕೊಳ್ಳದ ಅಧ್ಯಯನದಿಂದ 2007ರಲ್ಲಿ ‘ನೀಲನೇತ್ರಸ್’ ಎಂದು ಹೆಸರಾದ ಪೊದೆಗಪ್ಪೆ, 2003ರಲ್ಲೇ ಹೆಸರು ಪಡೆದಿದ್ದ ‘ಲೂಟಿಯೋಲಸ್’ ಎಂದು ಮುಂದೆ ತೀರ್ಮಾನವಾಯಿತು. ಹಳೆಯ ಹೆಸರೇ ಉಳಿಯಿತು. ಹೊಸ ಪುರಾವೆಗೆ ತಲೆಬಾಗುವ ಈ ಶಿಸ್ತೇ ವರ್ಗೀಕರಣ ವಿದ್ಯೆಯ ಶಕ್ತಿ.

ಹೆಸರಿನಿಂದ ಆಗುವುದೇನು?

ಮೊದಲ ಉತ್ತರ ಆಸ್ಪತ್ರೆಯಲ್ಲಿದೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ಕಡಿತಕ್ಕಾಗಿ ತಯಾರಾದದ್ದು. ಕಾಳಿಂಗದ ಪ್ರತಿವಿಷ ಥಾಯ್ಲೆಂಡ್‌ನಲ್ಲಿ ಅಲ್ಲಿನ ಕಾಳಿಂಗದ ವಿಷದಿಂದ ತಯಾರಾಗುತ್ತದೆ. ಗೌರಿಶಂಕರ್ ಅವರಿಗೇ ಒಮ್ಮೆ ಕಾಳಿಂಗ ಕಚ್ಚಿದಾಗ ಆ ಔಷಧ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಘಟ್ಟದ ಕಾಳಿಂಗವೇ ಬೇರೆ ಎಂದು ತಿಳಿದ ಮೇಲೆ, ಅದರ ವಿಷಕ್ಕೆ ತಕ್ಕ ಪ್ರತಿವಿಷವೂ ಬೇಕೆಂಬ ಮಾತಿಗೆ ಗಟ್ಟಿ ಆಧಾರ ಸಿಕ್ಕಿದೆ.

ಎರಡನೆಯದು ಕಾಡಿನ ಲೆಕ್ಕ. ಏಷ್ಯಾದುದ್ದಕ್ಕೂ ಹರಡಿದ ಹಾವೆಂದುಕೊಂಡಿದ್ದಾಗ ಒಂದೆಡೆ ಅಳಿದರೂ ಇನ್ನೊಂದೆಡೆ ಉಳಿದೀತೆಂಬ ಸಮಾಧಾನವಿತ್ತು. ಒಫಿಯೊಫೇಗಸ್ ಕಾಳಿಂಗಕ್ಕೆ ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ನೆಲೆಯಿಲ್ಲ. ಅದನ್ನು ಉಳಿಸುವ ಹೊಣೆಯ ದೊಡ್ಡ ಪಾಲು ಈಗ ನೇರವಾಗಿ ಮಲೆನಾಡಿನ ಮೇಲಿದೆ. ಇಲ್ಲಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಮಕ್ಕಳಿಗೆ ಹುರುಪೆ ಎಣಿಸುವುದನ್ನೂ ಡಿಎನ್‌ಎ ಓದುವುದನ್ನೂ ಒಟ್ಟಿಗೆ ಕಲಿಸಿದರೆ, ಮುಂದಿನ ಹೆಸರುಗಳು ಶಿವಮೊಗ್ಗ ಜಿಲ್ಲೆಯ ಪ್ರಯೋಗಾಲಯಗಳಿಂದಲೇ ಬರಬಲ್ಲವು.